ಸೆಟ್ಟಿಂಗ್ಸ್ ಮೀಮಾಂಸೆ: ಬೈಬಲ್ ತಂತ್ರಾಂಶದ ಅಕ್ಷರ, ಬಣ್ಣ, ಕಿಟಕಿಗಳ ಶಾಸ್ತ್ರವಿಚಾರ

ಶಾಸ್ತ್ರ ಯಾವುದೇ ಇರಲಿ, ಮೊದಲು ಅನುಬಂಧಚತುಷ್ಟಯ ಹೇಳಬೇಕು. ಹೇಳದಿದ್ದರೆ ಪಂಡಿತರು ಎದ್ದು ಹೋಗುತ್ತಾರೆ, ಹೇಳಿದರೆ ಉಳಿದವರು ಎದ್ದು ಹೋಗುತ್ತಾರೆ. ಪಂಡಿತರನ್ನು ಉಳಿಸಿಕೊಳ್ಳುವುದೇ ಕ್ಷೇಮ, ಅವರಿಗೆ ಬೇರೆ ಕೆಲಸವಿರುವುದಿಲ್ಲ. ಈ ಗ್ರಂಥದ ವಿಷಯ, ಕಂಪ್ಯೂಟರಿನಲ್ಲಿ ಬೈಬಲ್ ಅಧ್ಯಯನ ಮಾಡುವ ತಂತ್ರಾಂಶದ ಸೆಟ್ಟಿಂಗ್ಸ್, ವಿಶೇಷವಾಗಿ ಫಾಂಟ್. ಪ್ರಯೋಜನ, ಶನಿವಾರ ರಾತ್ರಿ ಕಳೆಯುವುದು. ಅಧಿಕಾರಿ, ಭಾನುವಾರ ಬೆಳಗಿನ ಆರಾಧನೆಯಲ್ಲಿ ಪ್ರಸಂಗ ಮಾಡಬೇಕಾಗಿದ್ದು ಇನ್ನೂ ಒಂದು ಸಾಲೂ ಬರೆಯದ ಸಭಾಪಾಲಕರು. ಸಂಬಂಧ ಎಂಬುದು ಅವರಿಗೂ ಅವರ ಮನೆಯವರಿಗೂ ಈ ಕಾರಣದಿಂದ ಉಂಟಾಗುವ ಸಂಬಂಧ. ಅದನ್ನು ವಿಸ್ತರಿಸುವುದು ಸೌಜನ್ಯವಲ್ಲ.

ಇನ್ನು ಲಕ್ಷಣ. ಓದುವುದಕ್ಕೆ ಮೊದಲು ಮಾಡಬೇಕಾದದ್ದು, ಮಾಡಿದಷ್ಟೂ ಮುಗಿಯದ್ದು, ಮುಗಿಯದ ಕಾರಣಕ್ಕೆ ಓದನ್ನೇ ಮುಂದಕ್ಕೆ ತಳ್ಳುವಂಥದ್ದು ಯಾವುದೋ ಅದು ಸೆಟ್ಟಿಂಗ್ಸ್. ಈ ಲಕ್ಷಣದಲ್ಲಿ ಅತಿವ್ಯಾಪ್ತಿ ದೋಷವಿದೆ ಎಂದು ತಾರ್ಕಿಕರು ಆಕ್ಷೇಪಿಸುತ್ತಾರೆ. ಪೆನ್ಸಿಲ್ ಚೂಪು ಮಾಡುವುದು, ಮೇಜು ಒರೆಸುವುದು, ಇನ್ನೊಂದು ಲೋಟ ಕಾಫಿ ಕೇಳುವುದು, ಇವೂ ಇದರೊಳಗೆ ಬಂದುಬಿಡುತ್ತವಂತೆ. ಬರಲಿ. ಅವೂ ಸೆಟ್ಟಿಂಗ್ಸೇ.

ಸಭಾಪಾಲಕರು ಅಧ್ಯಯನದಲ್ಲಿದ್ದಾರೆ ಎಂಬುದನ್ನು ಐದು ಅವಯವಗಳ ಅನುಮಾನದಿಂದ ಸಾಧಿಸಬಹುದು. ಪಾಸ್ಟರ್ ಅಧ್ಯಯನ ಮಾಡುತ್ತಿದ್ದಾರೆ, ಇದು ಪ್ರತಿಜ್ಞೆ. ಕೋಣೆಯೊಳಗಿಂದ ಮೌಸ್ ಒತ್ತುವ ಸದ್ದು ಬರುತ್ತಿದೆ, ಇದು ಹೇತು. ಎಲ್ಲೆಲ್ಲಿ ಮೌಸಿನ ಸದ್ದೋ ಅಲ್ಲಲ್ಲಿ ಅಧ್ಯಯನ, ಸೆಮಿನರಿಯ ಗ್ರಂಥಾಲಯದಲ್ಲಿ ಕಂಡಂತೆ, ಇದು ಉದಾಹರಣೆ. ಈ ಕೋಣೆಯೂ ಹಾಗೆಯೇ ಸದ್ದು ಮಾಡುತ್ತಿದೆ, ಇದು ಉಪನಯ. ಆದ್ದರಿಂದ ಅಧ್ಯಯನವೇ, ಇದು ನಿಗಮನ. ಮನೆಯವರು ಈ ಅನುಮಾನವನ್ನು ಒಪ್ಪುವುದಿಲ್ಲ, ಅವರದು ಬೇರೆಯೇ ಅನುಮಾನ. ಅದಕ್ಕೆ ಪ್ರತ್ಯಕ್ಷ ಪ್ರಮಾಣವೂ ಒದಗಿದೆ.

“ರೀ, ಅನ್ನ ಆರಿಹೋಗ್ತಿದೆ.”

“ಬಂದೆ ಕಣೇ, ಓದ್ತಾ ಇದ್ದೀನಲ್ಲ. ಹದಿನಾಲ್ಕಕ್ಕೆ ಬಂದೆ.”

“ಹದಿನಾಲ್ಕನೇ ಅಧ್ಯಾಯಕ್ಕಾ?”

“ಅಲ್ಲ, ಹದಿನಾಲ್ಕು ಪಾಯಿಂಟಿಗೆ.”

ಪೂರ್ವಪಕ್ಷ

ಇಲ್ಲಿ ಪೂರ್ವಪಕ್ಷಿಯ ವಾದ ಹೀಗಿದೆ. ಸತ್ಯವೇದ ಒಂದೇ, ಅದರ ಅಕ್ಷರ ಹನ್ನೆರಡು ಪಾಯಿಂಟಿನಲ್ಲಿದ್ದರೇನು, ಹದಿನಾಲ್ಕರಲ್ಲಿದ್ದರೇನು? ಸೆಟ್ಟಿಂಗ್ಸ್ ಎಂಬುದು ಮೊನ್ನೆ ಮೊನ್ನೆ ಬಂದ ಉಪಾಧಿ. 1992ರಲ್ಲಿ ಲೋಗೋಸ್ ಬಂತು, 1994ರಲ್ಲಿ ಮ್ಯಾಕ್ ಬಳಸುವವರಿಗಾಗಿ ಅಕಾರ್ಡೆನ್ಸ್ ಬಂತು, 2000ದಲ್ಲಿ ಇ-ಸೋರ್ಡ್ ಪುಕ್ಕಟೆಯಾಗಿ ಸಿಕ್ಕಿತು. ಅದಕ್ಕೂ ಮೊದಲು ಜನ ಪುಸ್ತಕ ತೆರೆದರು, ಓದಿದರು, ಮುಚ್ಚಿದರು. ಅವರಿಗೆ ಯಾವ ಸೆಟ್ಟಿಂಗ್ಸೂ ಇರಲಿಲ್ಲ, ಅವರೇನು ಕೆಟ್ಟುಹೋದರೇ?

ಇದು ಇತಿಹಾಸ ತಿಳಿಯದವರ ಮಾತು. ಸಿದ್ಧಾಂತಿಯ ಉತ್ತರ: ಪುಸ್ತಕದಲ್ಲಿ ಅವರು ಕಂಡದ್ದು ಸೆಟ್ಟಿಂಗ್ಸ್ ಇಲ್ಲದ ಗ್ರಂಥವಲ್ಲ, ಬೇರೆ ಯಾರೋ ಮೊದಲೇ ಸೆಟ್ಟಿಂಗ್ಸ್ ಮಾಡಿಟ್ಟುಹೋದ ಗ್ರಂಥ. ಇದೇ ಈ ಮೀಮಾಂಸೆಯ ಹೃದಯ. ಮುಂದಿನದೆಲ್ಲ ಇದರ ವ್ಯಾಖ್ಯಾನವಾದ್ದರಿಂದ ಅವಸರವಿದ್ದವರು ಇಲ್ಲಿಗೇ ಏಳಬಹುದು.

ನಾಲ್ಕನೆಯ ಶತಮಾನದ ಸಿನಾಯ್ ಹಸ್ತಪ್ರತಿಯನ್ನು ನೋಡಿ. ಒಂದೊಂದು ಪುಟದಲ್ಲಿ ನಾಲ್ಕು ಅಂಕಣ. ಎಲ್ಲವೂ ದೊಡ್ಡಕ್ಷರ, ಪದಗಳ ನಡುವೆ ಜಾಗವೇ ಇಲ್ಲ. ಆದರೆ ಕೀರ್ತನೆಗಳಂಥ ಕಾವ್ಯಭಾಗಕ್ಕೆ ಬಂದಾಗ ಅದೇ ಪ್ರತಿ ಎರಡೇ ಅಂಕಣಕ್ಕೆ ಇಳಿಯುತ್ತದೆ. ಗದ್ಯಕ್ಕೊಂದು ವಿನ್ಯಾಸ, ಪದ್ಯಕ್ಕೊಂದು ವಿನ್ಯಾಸ. ಇಂದಿನ ತಂತ್ರಾಂಶಗಳು ಒಂದೊಂದು ಗ್ರಂಥಕ್ಕೂ ಪ್ರತ್ಯೇಕ ಸೆಟ್ಟಿಂಗ್ಸ್ ಕೊಡುತ್ತೇವೆಂದು ಹಿಗ್ಗುವುದನ್ನು ಆ ಲಿಪಿಕಾರರು ಕೇಳಿಸಿಕೊಂಡಿದ್ದರೆ ಏನೆನ್ನುತ್ತಿದ್ದರೋ.

ಅಧ್ಯಾಯಗಳನ್ನು ಇಂದಿನ ಕ್ರಮದಲ್ಲಿ ವಿಂಗಡಿಸಿದ ಕೀರ್ತಿ ಹದಿಮೂರನೆಯ ಶತಮಾನದ ಸ್ಟೀಫನ್ ಲ್ಯಾಂಗ್ಟನ್ನಿಗೆ ಸಲ್ಲುತ್ತದೆ. ಪ್ಯಾರಿಸ್ಸಿನಲ್ಲಿ ಪಾಠ ಹೇಳುತ್ತಿದ್ದವನು, ಆಮೇಲೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ. ವಚನಸಂಖ್ಯೆಯ ಕಥೆ ಇನ್ನೂ ರಸವತ್ತಾದದ್ದು. ಗ್ರೀಕ್ ಹೊಸ ಒಡಂಬಡಿಕೆಗೆ ಇಂದಿನ ವಚನಸಂಖ್ಯೆಗಳನ್ನು ಹಾಕಿ 1551ರಲ್ಲಿ ಅಚ್ಚುಮಾಡಿದವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ. ಪ್ಯಾರಿಸ್ಸಿನಿಂದ ಲಿಯೊನ್ನಿಗೆ ಪ್ರಯಾಣ ಮಾಡುತ್ತ ಆ ಕೆಲಸದ ಬಹುಭಾಗವನ್ನು ಮುಗಿಸಿದ ಎಂದು ಅವನ ಮಗನೇ ಬರೆದಿಟ್ಟಿದ್ದಾನೆ. ಕುದುರೆಯ ಬೆನ್ನಿನ ಮೇಲೇ ಕೂತು ಗುರುತು ಹಾಕಿದ, ಕುದುರೆ ಎಡವಿದಲ್ಲೆಲ್ಲ ಒಂದು ವಚನ ಮುಗಿಯಿತು ಎಂದು ಆಡಿಕೊಳ್ಳುವವರುಂಟು. ದಾರಿಯ ಛತ್ರಗಳಲ್ಲಿ ತಂಗಿದಾಗ ಮಾಡಿರಬೇಕು ಎನ್ನುವುದು ಗಂಭೀರ ವಿದ್ವಾಂಸರ ಪಕ್ಷ. ಈ ಪ್ರಬಂಧಕಾರನು ಕುದುರೆಯ ಪಕ್ಷ. ವಾಕ್ಯದ ಅರ್ಧದಲ್ಲೇ ಮುಗಿದುಹೋಗುವ ಕೆಲವು ವಚನಗಳಿಗೆ ರಸ್ತೆಯ ಹಳ್ಳವಲ್ಲದೆ ಬೇರೆ ವ್ಯಾಕರಣಕಾರಣ ತೋರುವುದಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಮಾಡಿದ ಕೆಲಸವಾದ್ದರಿಂದ ಲ್ಯಾಪ್‌ಟಾಪಿನ ಇತಿಹಾಸವನ್ನೂ ಅಲ್ಲಿಂದಲೇ ಆರಂಭಿಸತಕ್ಕದ್ದು.

ಇನ್ನು ಗುಟೆನ್‌ಬರ್ಗ್. ಅವನ ಬೈಬಲನ್ನು ನಲವತ್ತೆರಡು ಸಾಲಿನ ಬೈಬಲ್ ಎಂದು ಜಗತ್ತೆಲ್ಲ ಕರೆಯುತ್ತದೆ. ಆದರೆ ಮೊದಲ ಪುಟಗಳಲ್ಲಿ ಇರುವುದು ನಲವತ್ತೇ ಸಾಲು. ಆಮೇಲೆ ಒಂದು ಪುಟದಲ್ಲಿ ನಲವತ್ತೊಂದು. ಅದಾದ ಮೇಲೆ ನಲವತ್ತೆರಡು. ಅಂದರೆ 1450ರ ದಶಕದಲ್ಲಿ ಮೈನ್ಸ್ ಪಟ್ಟಣದಲ್ಲಿ ಕೂತ ಆ ಮಹಾನುಭಾವ, ಕೆಲಸ ಶುರುವಾದ ಮೇಲೆ ಸಾಲುಗಳ ಅಂತರವನ್ನು ಹಿಡಿದು ಎಳೆದಾಡಿದ್ದಾನೆ. ಮೊದಮೊದಲು ಶೀರ್ಷಿಕೆಗಳನ್ನು ಕೆಂಪು ಮಸಿಯಲ್ಲಿ ಅಚ್ಚುಹಾಕಿ ನೋಡಿದ, ಒಂದೇ ಹಾಳೆಯನ್ನು ಎರಡು ಸಲ ಯಂತ್ರಕ್ಕೆ ಕೊಡುವ ತಾಪತ್ರಯ ಸಾಕಾಗಿ ಆ ಆಯ್ಕೆಯನ್ನು ‘ಆಫ್’ ಮಾಡಿದ, ಕೆಂಪನ್ನು ಕೈಯಲ್ಲಿ ಬರೆಯುವವರಿಗೇ ಬಿಟ್ಟ. ಮುದ್ರಣದ ಪಿತಾಮಹನೇ ಕೂತಲ್ಲಿ ಕೂರದೆ ಸೆಟ್ಟಿಂಗ್ಸ್ ಬದಲಾಯಿಸುತ್ತಿದ್ದಾಗ ಶನಿವಾರ ರಾತ್ರಿಯ ಪಾಸ್ಟರನ್ನು ಗದರುವವರು ಯಾರು?

ಅಕ್ಷರಗಾತ್ರಪ್ರಕರಣ

ಗಾತ್ರ ಬದಲಾಯಿಸುವುದು ಶಾಸ್ತ್ರಸಮ್ಮತವೇ ಎಂಬ ಸಂಶಯಕ್ಕೆ ಹೀಬ್ರೂ ಲಿಪಿಕಾರರ ಪರಂಪರೆ ನೇರವಾಗಿ ಉತ್ತರ ಕೊಡುತ್ತದೆ. ಧರ್ಮೋಪದೇಶಕಾಂಡ 6:4ರ ಮೊದಲ ಪದದ ಕೊನೆಯಲ್ಲಿರುವ ಅಯಿನ್ ಅಕ್ಷರವನ್ನೂ ಕೊನೆಯ ಪದದ ಕೊನೆಯಲ್ಲಿರುವ ದಾಲೆತ್ ಅಕ್ಷರವನ್ನೂ ಅವರು ದಪ್ಪಗೆ, ದೊಡ್ಡದಾಗಿ ಬರೆದರು. ವಿಮೋಚನಕಾಂಡ 34:14ರಲ್ಲಿ ಒಂದು ರೇಶ್ ಅಕ್ಷರಕ್ಕೆ ಅದೇ ಗೌರವ. ಇದರಲ್ಲಿ ಲೌಕಿಕ ಕಾರಣವನ್ನೂ ಕಾಣಬಹುದು. ದಾಲೆತ್ತಿಗೂ ರೇಶಿಗೂ ಇರುವ ವ್ಯತ್ಯಾಸ ಮೂಲೆಯ ಒಂದು ಸಣ್ಣ ಚಾಚು ಮಾತ್ರ. ಮೊದಲ ವಾಕ್ಯದಲ್ಲಿ ದಾಲೆತ್ ಇದ್ದರೆ ದೇವರು ‘ಒಬ್ಬನೇ’, ತಪ್ಪಿ ರೇಶ್ ಎಂದು ಓದಿದರೆ ‘ಇನ್ನೊಬ್ಬ’. ಒಂಬತ್ತು ಪಾಯಿಂಟಿನ ಹೀಬ್ರೂವನ್ನು ಕನ್ನಡಕ ಹಾಕದೆ ಓದುವವನು ಏಕದೇವವಾದದ ಅಂಚಿನಲ್ಲೇ ನಿಂತಿರುತ್ತಾನೆ. ಆದ್ದರಿಂದ ಗಾತ್ರ ಹೆಚ್ಚಿಸುವುದು ಐಚ್ಛಿಕ ಕರ್ಮವಲ್ಲ, ನಿತ್ಯಕರ್ಮ.

ಯಾಜಕಕಾಂಡದ ಮೊದಲ ಪದದಲ್ಲಿ ಇದಕ್ಕೆ ವಿರುದ್ಧ, ಅಲ್ಲಿನ ಆಲೆಫ್ ಪುಟಾಣಿ. ನ್ಯಾಯಸ್ಥಾಪಕರು 18:30ರಲ್ಲಿ ಒಂದು ನೂನ್ ಅಕ್ಷರ ಸಾಲಿನಿಂದ ಮೇಲೆದ್ದು ತೂಗಾಡುತ್ತಿದೆ. ಆ ನೂನನ್ನು ಸೇರಿಸಿ ಓದಿದರೆ ಹೆಸರು ಮನಸ್ಸೆ, ಬಿಟ್ಟು ಓದಿದರೆ ಮೋಶೆ. ಮೋಶೆಯ ವಂಶದವನೊಬ್ಬ ವಿಗ್ರಹದ ಪೂಜಾರಿಯಾದನೆಂಬ ಅಪಕೀರ್ತಿ ಆ ಹಿರಿಯನಿಗೆ ತಟ್ಟಬಾರದೆಂದು ಹೀಗೆ ಮಾಡಿದರು ಎನ್ನುತ್ತದೆ ಸಂಪ್ರದಾಯ. ಮನೆತನದ ಮಾನ ಕಾಪಾಡಲು ಒಂದಕ್ಷರವನ್ನು ಅಟ್ಟಕ್ಕೇರಿಸುವ ಈ ಸೂಕ್ಷ್ಮವನ್ನು ಕುಲಗೋತ್ರ ವಿಚಾರಿಸುವ ನಮ್ಮವರು ತಟ್ಟನೆ ಹಿಡಿದಾರು. ಅರಣ್ಯಕಾಂಡ 10:35-36ರ ಹಿಂದೆ ಮುಂದೆ ನೂನ್ ಅಕ್ಷರಗಳೇ ತಿರುಗಿ ನಿಂತಿವೆ. ಯುನಿಕೋಡ್ ಈ ತಿರುಗಿದ ನೂನಿಗೆಂದೇ ಪ್ರತ್ಯೇಕ ಸ್ಥಾನ ಕೊಟ್ಟಿದೆ. ದೊಡ್ಡದು, ಸಣ್ಣದು, ಮೇಲೆತ್ತಿದ್ದು, ಮಗುಚಿದ್ದು, ಯಾವ ಮೆನುವಿನಲ್ಲಿ ಇದಕ್ಕಿಂತ ಹೆಚ್ಚಿನ ಆಯ್ಕೆ ಸಿಗುತ್ತದೆ ಹೇಳಿ.

ಹೀಬ್ರೂ ಪಠ್ಯಕ್ಕೆ ಇನ್ನೂ ಎರಡು ಗುಂಡಿಗಳಿರುತ್ತವೆ: ಸ್ವರಚಿಹ್ನೆ ತೋರಿಸು, ಅಡಗಿಸು, ಪಠಣಚಿಹ್ನೆ ತೋರಿಸು, ಅಡಗಿಸು. ಮೂಲದಲ್ಲಿ ವ್ಯಂಜನ ಮಾತ್ರವಿದ್ದ ಪಠ್ಯಕ್ಕೆ ಚುಕ್ಕಿ, ಗೀರು, ಕೊಕ್ಕೆಗಳನ್ನು ಸೇರಿಸಿ ಉಚ್ಚಾರವನ್ನು ಕಾಯ್ದವರು ಮಸೋರಾ ಪಂಡಿತರು. ಅವರ ದುಡಿಮೆಯ ಫಲವಾಗಿ 1008ರ ಸುಮಾರಿಗೆ ಬರೆದ ಲೆನಿನ್‌ಗ್ರಾಡ್ ಹಸ್ತಪ್ರತಿ ಪೂರ್ಣವಾಗಿ ಉಳಿದುಬಂದಿದೆ. ತಲೆಮಾರುಗಳ ಆ ತಪಸ್ಸನ್ನು ಇಂದು ಒಂದು ಟಿಕ್ ತೆಗೆದು ಮಾಯಮಾಡಬಹುದು, ಹಾಕಿ ಮರಳಿ ತರಿಸಬಹುದು. ಸೆಮಿನರಿಯಲ್ಲಿ ಹೀಬ್ರೂ ಕಲಿತು ಈಗ ಮರೆತವರು ಸ್ವರಚಿಹ್ನೆಯನ್ನು ಅಡಗಿಸಿ, ಪರದೆಯನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟಿರುತ್ತಾರೆ. ಒಳಗೆ ಬಂದ ಯುವಕಸಂಘದ ಕಾರ್ಯದರ್ಶಿಗೆ ಇವರು ಚುಕ್ಕಿ ಇಲ್ಲದೆಯೂ ಓದಬಲ್ಲರು ಎಂದು ಕಾಣಲಿ ಎಂಬ ಭಾವ. ಇದು ಸೆಟ್ಟಿಂಗ್ಸಿನ ಸಾಮಾಜಿಕ ಪ್ರಯೋಜನ.

ಹೀಬ್ರೂವಿಗೆ ಎಸ್‌ಬಿಎಲ್ ಹೀಬ್ರೂ, ಎಜ್ರಾ ಎಸ್‌ಐಎಲ್, ಗ್ರೀಕಿಗೆ ಜೆಂಟಿಯಮ್, ಎರಡಕ್ಕೂ ಕಾರ್ಡೊ, ಹೀಗೆ ಪುಕ್ಕಟೆ ಫಾಂಟುಗಳ ಪಟ್ಟಿ ಉದ್ದವಿದೆ. ಯಾವುದು ಉತ್ತಮ ಎಂಬ ಪ್ರಶ್ನೆಗೆ ಎಲ್ಲವನ್ನೂ ಹಾಕಿ ನೋಡದೆ ಉತ್ತರವಿಲ್ಲ, ಹಾಕಿ ನೋಡಿದ ಮೇಲೂ ಇಲ್ಲ.

ವರ್ಣಪ್ರಕರಣ

ಯೇಸುವಿನ ಮಾತುಗಳನ್ನು ಕೆಂಪಕ್ಷರದಲ್ಲಿ ತೋರಿಸು ಎಂಬ ಆಯ್ಕೆಯನ್ನು ಬಹುಮಂದಿ ಅನಾದಿಯೆಂದೇ ತಿಳಿದಿದ್ದಾರೆ. ಇದು ನ್ಯೂಯಾರ್ಕಿನಲ್ಲಿ ‘ಕ್ರಿಶ್ಚಿಯನ್ ಹೆರಾಲ್ಡ್’ ಪತ್ರಿಕೆ ನಡೆಸುತ್ತಿದ್ದ ಲೂಯಿಸ್ ಕ್ಲಾಪ್ಷ್ ಎಂಬವನ ಹಂಚಿಕೆ. ಲೂಕ 22:20ರಲ್ಲಿ ಬರುವ ರಕ್ತದ ಮಾತು ಅವನಿಗೆ ಬಣ್ಣವನ್ನು ಸೂಚಿಸಿತಂತೆ. ಕೆಂಪಕ್ಷರದ ಹೊಸ ಒಡಂಬಡಿಕೆ ಹೊರಬಂದದ್ದು 1899ರಲ್ಲಿ. ಒಬ್ಬ ಪತ್ರಿಕಾ ಸಂಪಾದಕನ ಸೆಟ್ಟಿಂಗ್ಸ್ ನೂರು ವರ್ಷದೊಳಗೆ ಸಂಪ್ರದಾಯವಾಗಿ, ಸಂಪ್ರದಾಯ ತಂತ್ರಾಂಶದ ಚೌಕಕ್ಕೆ ಇಳಿದು, ಈಗ ಆ ಟಿಕ್ ತೆಗೆದರೆ ಏನೋ ಅಪಚಾರ ಮಾಡಿದಂತೆ ಕೈ ನಡುಗುತ್ತದೆ.

ಬಣ್ಣ ಹಚ್ಚುವುದು ಸುಲಭವೆಂದು ತಿಳಿದವರು ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯಕ್ಕೆ ಹೋಗಬೇಕು. ರಾತ್ರಿಯ ಹೊತ್ತು ನಿಕೊದೇಮನು ಬಂದು ಕೇಳುತ್ತಾನೆ, ಯೇಸು ಉತ್ತರಿಸುತ್ತಾನೆ. ಆ ಉತ್ತರ ಎಲ್ಲಿ ಮುಗಿಯಿತು? ಗ್ರೀಕ್ ಮೂಲದಲ್ಲಿ ಉದ್ಧರಣ ಚಿಹ್ನೆಗಳೇ ಇಲ್ಲ. ಕೆಲವು ಅನುವಾದಗಳು 15ನೆಯ ವಚನಕ್ಕೆ ಮಾತು ಮುಗಿಸುತ್ತವೆ, ಕೆಲವು 21ರವರೆಗೂ ಎಳೆಯುತ್ತವೆ. ಎಲ್ಲರಿಗೂ ಬಾಯಿಪಾಠವಾದ 16ನೆಯ ವಚನ ಬಿದ್ದಿರುವುದು ಈ ಎರಡರ ನಡುವೆ. ಅದು ಯೇಸು ಆಡಿದ ಮಾತೋ, ಸುವಾರ್ತಿಕ ಬರೆದ ವಿವರಣೆಯೋ? ದೇವಶಾಸ್ತ್ರಜ್ಞರು ಬಿಡಿಸಲಾರದೆ ಕೈಬಿಟ್ಟ ಗಂಟನ್ನು ಯಾವನೋ ಒಬ್ಬ ಪ್ರೋಗ್ರಾಮರ್ ಬಣ್ಣದ ಸಂಕೇತದ ಕೊನೆಯಲ್ಲಿ ಒಂದು ಓರೆಗೆರೆ ಹಾಕಿ ಬಿಡಿಸಿಬಿಟ್ಟಿದ್ದಾನೆ. ಅವನ ನಿರ್ಣಯವನ್ನು ಯಾವ ಸಭೆಯೂ ಚರ್ಚಿಸಿಲ್ಲ.

ಇತ್ತೀಚೆಗೆ ತಿಮಿರವಾದಿಗಳೆಂಬ ಪಂಥವೊಂದು ಎದ್ದಿದೆ. ಇವರು ಡಾರ್ಕ್ ಮೋಡಿನ ಉಪಾಸಕರು. ಕಪ್ಪು ಹಿನ್ನೆಲೆಯಲ್ಲಿ ಬಿಳಿಯಕ್ಷರ ಇವರಿಗೆ ಇಷ್ಟ, ಕಣ್ಣಿಗೆ ಹಿತ, ಬ್ಯಾಟರಿಗೂ ಹಿತ. ಇವರಿಗೆ ತೊಡಕಾದದ್ದು ಕ್ಲಾಪ್ಷನ ಕೆಂಪೇ. ಬಿಳಿಯ ಹಾಳೆಯ ಮೇಲೆ ಗಂಭೀರವಾಗಿ ತೋರಿದ ಕಡುಗೆಂಪು ಕಪ್ಪಿನಲ್ಲಿ ಮುಳುಗಿಹೋಗುತ್ತದೆ. ಪರ್ವತಪ್ರಸಂಗದ ಮೂರೂ ಅಧ್ಯಾಯ ಕಾಣಿಸದೆ, ಅದರ ಹಿಂದೆ ಮುಂದೆ ಜನರು ಬಂದದ್ದು, ಹೋದದ್ದು, ಬೆರಗಾದದ್ದು ಮಾತ್ರ ಕಾಣುತ್ತದೆ. ಇದಕ್ಕೆ ಪರಿಹಾರವಾಗಿ ಕೆಂಪನ್ನು ತಿಳಿಗೊಳಿಸುತ್ತ ಹೋದವರು ಗುಲಾಬಿ ಬಣ್ಣಕ್ಕೆ ತಲುಪಿದ್ದಾರೆ. ಗುಲಾಬಿ ಬಣ್ಣದ ಪರ್ವತಪ್ರಸಂಗದ ಬಗ್ಗೆ ಈ ಪ್ರಬಂಧಕಾರನು ಮೌನ ವಹಿಸುತ್ತಾನೆ.

ಓರೆ ಅಕ್ಷರದ ವಿಚಾರ ಚಿಕ್ಕದು, ಆದರೆ ಬಿಡುವ ಹಾಗಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲಿನ ಮುಖ್ಯ ಪಠ್ಯ ದಟ್ಟವಾದ ಕಪ್ಪು ಗಾಥಿಕ್ ಅಕ್ಷರದಲ್ಲಿತ್ತು. ಮೂಲದಲ್ಲಿಲ್ಲದೆ ಅನುವಾದಕರು ವಾಕ್ಯ ಕೂಡಿಸಲು ಸೇರಿಸಿದ ಪದಗಳನ್ನು ಸಣ್ಣ ರೋಮನ್ನಿನಲ್ಲಿ ತಗ್ಗಿಸಿ ಹಾಕಿದ್ದರು. ಮುಂದೆ ಮುಖ್ಯ ಪಠ್ಯವೇ ರೋಮನ್ ಆದಾಗ ಆ ಪದಗಳು ಓರೆಯಾದವು. ಓರೆ ಅಂದರೆ ಒತ್ತಿ ಹೇಳಬೇಕಾದದ್ದು ಎಂದು ತಿಳಿದ ಇಂದಿನ ಓದುಗರು, ಮೂಲದಲ್ಲಿ ಇಲ್ಲವೇ ಇಲ್ಲದ ಪದಗಳನ್ನೇ ಹುಡುಕಿ ಹುಡುಕಿ ಗಟ್ಟಿಯಾಗಿ ಓದುತ್ತಾರೆ.

ಕನ್ನಡಪ್ರಕರಣ

ಈವರೆಗೆ ಹೇಳಿದ್ದೆಲ್ಲ ಪೀಠಿಕೆ. ಈಗ ಕನ್ನಡ ಸತ್ಯವೇದವನ್ನು ಗ್ರೀಕಿನ ಪಕ್ಕದ ಕಿಟಕಿಯಲ್ಲಿ ತೆರೆಯುವ ಸಾಹಸಕ್ಕೆ ಬರೋಣ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದಿದ್ದರು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಕಲ್ಲಚ್ಚಿನಿಂದ ಕೆಲಸ ಶುರುಮಾಡಿತು. ಮೋಗ್ಲಿಂಗರ ‘ಮಂಗಳೂರ ಸಮಾಚಾರ’ 1843ರಲ್ಲಿ ಹಾಗೆಯೇ ಕಲ್ಲಿನಿಂದ ಎದ್ದುಬಂತು. ಕಲ್ಲಚ್ಚಿನ ಕಾಲದಲ್ಲಿ ಫಾಂಟ್ ಎಂದರೆ ಒಬ್ಬ ಮನುಷ್ಯನ ಕೈಬರಹ. ಅಕ್ಷರ ಸಣ್ಣದಾಯಿತು ಅನ್ನಿಸಿದರೆ ಅವನಿಗೇ ಹೇಳಬೇಕು, “ಅಣ್ಣಾ, ಸ್ವಲ್ಪ ದಪ್ಪಗೆ ಬರಿ ಮಾರಾಯ.” ಅವನು ಬರೆಯುತ್ತಿದ್ದ. ಇಷ್ಟು ಸರಳವಾದ ಸೆಟ್ಟಿಂಗ್ಸ್ ಆಮೇಲೆ ಕನ್ನಡಕ್ಕೆ ಒದಗಲಿಲ್ಲ.

ಇಂಗ್ಲಿಷ್ ಅಕ್ಷರಗಳು ಒಂದೇ ಗೆರೆಯ ಮೇಲೆ ಸಾಲಾಗಿ ಕೂರುತ್ತವೆ. ಕನ್ನಡದ ಸಂಸಾರ ದೊಡ್ಡದು, ಮೇಲೊಂದು ಗುಡಿಸು, ಕೆಳಗೊಂದು ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. ಇಂಗ್ಲಿಷಿಗೆ ಅಳೆದು ಸಾಲಿನ ಎತ್ತರ ಬಿಗಿದ ತಂತ್ರಾಂಶದಲ್ಲಿ ಕನ್ನಡವನ್ನು ತುಂಬಿದರೆ ಕೆಳಗಿನ ಒತ್ತುಗಳು ಕತ್ತರಿಸಿಹೋಗುತ್ತವೆ. ಪ್ರಯೋಗಶಾಲೆಯಲ್ಲಿ ಕಂಡ ಒಂದು ದೃಷ್ಟಾಂತ. ಎಡಗಡೆ ಪುಸ್ತಕಗಳ ಪಟ್ಟಿ, ಸಾಲಿನ ಅಂತರ ಶೇಕಡ 100, ಗಾತ್ರ 16. ಅಲ್ಲಿ ‘ಜ್ಞಾನೋಕ್ತಿಗಳು’ ಇರಬೇಕಾದ ಜಾಗದಲ್ಲಿ ‘ಜಾನೋಕಿಗಳು’ ಕೂತಿದ್ದರು. ಅದರ ಕೆಳಗೆ ‘ಪ್ರಸಂಗಿ’ ಹೋಗಿ ‘ಪಸಂಗಿ’. ಒತ್ತಿನ ಬುಡಗಳು ಮಾತ್ರ ಕೆಳಗಿನ ಸಾಲಿನ ತಲೆಕಟ್ಟಿಗೆ ತಗುಲಿ, ಧೂಳೋ ಏನೋ ಎಂದು ಪಾಸ್ಟರ್ ಪಂಚೆಯ ಅಂಚಿನಿಂದ ಪರದೆ ಒರೆಸಿದರು. ಹೋಗಲಿಲ್ಲ. ಉಗುರಿನಿಂದ ಕೆರೆದರು. ಹೋಗಲಿಲ್ಲ. ಅಂತರವನ್ನು 130 ಮಾಡಿದಾಗ ಜಾನೋಕಿಗೆ ಅರ್ಧ ಜ್ಞಾನ ಬಂತು, 150 ಮಾಡಿದಾಗ ಪೂರ್ಣ.

ಇದನ್ನು ಹಗುರವಾಗಿ ಕಾಣತಕ್ಕದ್ದಲ್ಲ. 1631ರಲ್ಲಿ ಲಂಡನ್ನಿನ ರಾಜಮುದ್ರಕರಾದ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲೂಕಸ್ ತಮ್ಮ ಬೈಬಲಿನ ದಶಾಜ್ಞೆಯಲ್ಲಿ ಒಂದು ‘ಬಾರದು’ ಬಿಟ್ಟುಬಿಟ್ಟರು. ವ್ಯಭಿಚಾರ ಮಾಡಬೇಕು ಎಂದಾಯಿತು. 300 ಪೌಂಡು ದಂಡ ಬಿತ್ತು. ಸಾಲಿನ ಅಂತರ ಬಿಗಿದವರಿಗೆ ಇಂದಿನವರೆಗೆ ಯಾವ ನ್ಯಾಯಾಲಯವೂ ಒಂದು ಕಾಸು ದಂಡ ಹಾಕಿಲ್ಲ.

ಹುಡುಕುವ ಪೆಟ್ಟಿಗೆಯ ವೃತ್ತಾಂತ ಇದಕ್ಕಿಂತ ಗಹನ. ಯುನಿಕೋಡಿನಲ್ಲಿ ‘ಕೊ’ ಎಂಬುದನ್ನು ಎರಡು ರೀತಿಯಲ್ಲಿ ಕೂಡಿಸಬಹುದು. ಕ-ಕಾರಕ್ಕೆ ‘ೊ’ ಎಂಬ ಒಂದೇ ಸ್ವರಚಿಹ್ನೆ ಹಚ್ಚುವುದು ಒಂದು. ‘ೆ’ ಮತ್ತು ‘ೂ’ ಎಂಬ ಎರಡು ತುಂಡುಗಳನ್ನು ಒಂದರ ಹಿಂದೊಂದು ಹಚ್ಚುವುದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ, ಕಾಗದದ ಮೇಲೆ ಒಂದೇ, ಬ್ರಹ್ಮನಿಗೂ ಒಂದೇ. ಇವೆರಡನ್ನು ಸಮವೆಂದು ಹೊಂದಿಸಿಕೊಳ್ಳುವ ಹೆಜ್ಜೆಯನ್ನು ಮರೆತ ತಂತ್ರಾಂಶಕ್ಕೆ ಮಾತ್ರ ಬೇರೆ ಬೇರೆ. ಪಠ್ಯವನ್ನು ಬೆರಳಚ್ಚು ಮಾಡಿದವರು ಒಂದು ಪಂಗಡ, ಹುಡುಕುವವರ ಕೀಲಿಮಣೆ ಇನ್ನೊಂದು ಪಂಗಡ. ‘ಕೊರಿಂಥ’ ಎಂದು ಹುಡುಕಿದರೆ ಫಲಿತಾಂಶ ಸೊನ್ನೆ. ‘ಕೊಲೊಸ್ಸೆ’ ಎಂದರೂ ಸೊನ್ನೆ. ಹೀಗೆ ಪೌಲನು ಕೊರಿಂಥದವರಿಗೂ ಕೊಲೊಸ್ಸೆಯವರಿಗೂ ಪತ್ರವನ್ನೇ ಬರೆಯಲಿಲ್ಲ ಎಂಬ ನೂತನ ಸಂಶೋಧನೆ ರಾತ್ರಿ ಹತ್ತೂವರೆಗೆ ಮಂಡನೆಯಾಗುತ್ತದೆ. ಗಲಾತ್ಯದವರಿಗೆ, ಫಿಲಿಪ್ಪಿಯವರಿಗೆ ಬರೆದದ್ದು ಸಿಗುತ್ತದೆ, ಒಕಾರವಿದ್ದ ಊರುಗಳಿಗೆ ಮಾತ್ರ ಟಪಾಲು ಇಲ್ಲ. ಜರ್ಮನಿಯ ಉಗ್ರ ವಿಮರ್ಶಕರು ಪೌಲನ ಹೆಸರಿನ ಪತ್ರಗಳಲ್ಲಿ ಕೆಲವನ್ನು ಅವನದ್ದಲ್ಲ ಎಂದು ವಾದಿಸಿದ್ದಾರೆ, ಒಕಾರದ ಆಧಾರದ ಮೇಲೆ ಯಾರೂ ವಾದಿಸಿರಲಿಲ್ಲ.

ಯುನಿಕೋಡ್ ಪೂರ್ವಯುಗದ ಪ್ರೇತಗಳೂ ಇನ್ನೂ ಓಡಾಡುತ್ತಿವೆ. ಯುನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಮನೆ ಮಂಜೂರಾಗಿತ್ತು. ಆದರೂ ನಾವು ಬಹುಕಾಲ ಇಂಗ್ಲಿಷಿನ ಬಾಡಿಗೆ ಮನೆಯಲ್ಲೇ ಇದ್ದೆವು. ನುಡಿ, ಬರಹ ಮೊದಲಾದವುಗಳ ಹಳೆಯ ಫಾಂಟುಗಳಲ್ಲಿ ಒಳಗಿರುವುದು ಲ್ಯಾಟಿನ್ ಸಂಕೇತ, ಮೇಲಿನ ಚಿತ್ರ ಮಾತ್ರ ಕನ್ನಡ. ಆ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ಚೌಕಿಗೆ ಬಂದು ಬಣ್ಣ ಅಳಿಸಿಕೊಂಡ ಯಕ್ಷಗಾನದ ವೇಷಧಾರಿಯ ಹಾಗೆ, ತಲೆಯ ಮೇಲೆ ಟೊಪ್ಪಿ ಹೊತ್ತ ಎ, ಬಾಲವಿರುವ ಸಿ, ಅಡ್ಡಗೀಟಿನ ಡಿ ಎದುರು ನಿಲ್ಲುತ್ತವೆ. ಹೀಬ್ರೂ ಪಂಡಿತರೂ ಇದೇ ಪಾಡು ಪಟ್ಟವರು. ಅವರ ಹಳೆಯ ಫಾಂಟುಗಳಲ್ಲೂ ಒಳಗೆ ಲ್ಯಾಟಿನ್ನೇ. ಅದರ ಮೇಲೆ ಬಲದಿಂದ ಎಡಕ್ಕೆ ಓಡುವ ಲಿಪಿಯನ್ನು ಎಡದಿಂದ ಬಲಕ್ಕೆ ಹಿಂದುಮುಂದಾಗಿ ಬೆರಳಚ್ಚು ಮಾಡುವ ಶಿಕ್ಷೆ ಬೇರೆ. ಬಳ್ಳಾರಿಗೂ ಬೇರ್ಷೆಬಕ್ಕೂ ಒಂದೇ ಕಷ್ಟ ಬಂದದ್ದನ್ನು ನೋಡಿದರೆ ಮನಸ್ಸಿಗೆ ಒಂದು ತರಹ ಸಮಾಧಾನ.

ಇಂದು ಕನ್ನಡಕ್ಕೆ ಯುನಿಕೋಡ್ ಫಾಂಟುಗಳ ಕೊರತೆಯಿಲ್ಲ. ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಹರಿದುಬಂತು. ಅದೇ ಪಾಯಿಂಟಿನ ಇಂಗ್ಲಿಷಿನ ಪಕ್ಕ ನಿಂತಾಗ ಅದು ಬೇಸಿಗೆಯ ತುಂಗೆಯಷ್ಟು ಸಣ್ಣಗೆ ಕಾಣುತ್ತಿತ್ತು. ಆಮೇಲೆ ನಿರ್ಮಲಾ ಬಂದಳು, ನೋಟೊ ಬಂತು, ಗುಬ್ಬಿ ನವಿಲುಗಳು ಹಾರಿಬಂದವು. ಬಾಲೂ ಎಂಬ ದುಂಡು ದುಂಡನೆಯ ಫಾಂಟಿನ ಕನ್ನಡ ರೂಪಕ್ಕೆ ‘ಬಾಲೂ ತಮ್ಮ’ ಎಂದು ಹೆಸರು, ಅದರ ತಮಿಳು ಒಡಹುಟ್ಟು ‘ಬಾಲೂ ತಂಬಿ’. ಪ್ರಲಾಪಗಳು ಪುಸ್ತಕವನ್ನು ಬಾಲೂ ತಮ್ಮನಲ್ಲಿ ಹಾಕಿ ನೋಡಲಾಯಿತು. ಯೆರೂಸಲೇಮ್ ಪಟ್ಟಣ ಹಾಳುಬಿದ್ದದ್ದು ನಾಮಕರಣದ ಆಮಂತ್ರಣಪತ್ರಿಕೆಯ ಹಾಗೆ ಕಂಡಿತು. ರಸಕ್ಕೂ ಫಾಂಟಿಗೂ ಇರುವ ಈ ಸಂಬಂಧವನ್ನು ಅಲಂಕಾರಶಾಸ್ತ್ರದವರು ಬೇಗ ಕೈಗೆತ್ತಿಕೊಳ್ಳಬೇಕು, ಕರುಣರಸಕ್ಕೆ ಸೆರಿಫ್ ಇಲ್ಲದೆ ನಡೆಯುವುದಿಲ್ಲ.

ಕಿಟಕಿಗಳು

ಪರದೆಯನ್ನು ಎಷ್ಟು ಕಿಟಕಿಗಳಾಗಿ ಒಡೆಯಬೇಕು? ಮೂರನೆಯ ಶತಮಾನದ ಓರಿಜೆನ್ ಈ ವಿಷಯದಲ್ಲಿ ಆದ್ಯಾಚಾರ್ಯ. ಅವನ ಹೆಕ್ಸಾಪ್ಲಾದಲ್ಲಿ ಆರು ಅಂಕಣ: ಹೀಬ್ರೂ, ಆ ಹೀಬ್ರೂವನ್ನೇ ಗ್ರೀಕ್ ಲಿಪಿಯಲ್ಲಿ ಬರೆದದ್ದು, ಆಮೇಲೆ ನಾಲ್ಕು ಗ್ರೀಕ್ ಅನುವಾದಗಳು. ಎರಡನೆಯ ಅಂಕಣವನ್ನು ಕಂಡವರಿಗೆ ಮಕ್ಕಳು ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕಳಿಸುವ ಕನ್ನಡ ನೆನಪಾಗದೆ ಇರದು. ಇಡೀ ಕೃತಿ ಎಷ್ಟು ದೊಡ್ಡದಾಯಿತೆಂದರೆ ಅದನ್ನು ಪೂರ್ತಿ ನಕಲು ಮಾಡಲು ಯಾರೂ ಮುಂದಾದಂತೆ ಕಾಣುವುದಿಲ್ಲ. ಮೂಲ ಕಳೆದುಹೋಯಿತು, ತುಣುಕುಗಳು ಉಳಿದವು. ಆರು ಕಿಟಕಿ ತೆರೆದಿಟ್ಟು ಹದಿನೈದು ಅಂಗುಲದ ಲ್ಯಾಪ್‌ಟಾಪಿನಲ್ಲಿ ಒಂದೊಂದರಲ್ಲೂ ಎರಡೆರಡು ಪದ ಕಾಣುವ ಹಾಗೆ ಮಾಡಿಕೊಂಡವರು ಇದನ್ನು ಶಕುನವೆಂದು ಭಾವಿಸಬಹುದು.

ಯಾವ ಕಿಟಕಿ ನಡುವೆ ಇರಬೇಕು ಎಂಬ ಜಗಳವೂ ಹಳೆಯದು. ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ಕಾರ್ಡಿನಲ್ ಸಿಸ್ನೆರೋಸನ ಆಶ್ರಯದಲ್ಲಿ ಅಚ್ಚಾದ ಬಹುಭಾಷಾ ಬೈಬಲಿನಲ್ಲಿ ಹೀಬ್ರೂ ಒಂದು ಕಡೆ, ಗ್ರೀಕ್ ಇನ್ನೊಂದು ಕಡೆ, ನಡುವೆ ಲ್ಯಾಟಿನ್. ಇಬ್ಬರು ಕಳ್ಳರ ನಡುವೆ ಯೇಸುವನ್ನು ನಿಲ್ಲಿಸಿದಂತೆ ಎಂಬ ಹೋಲಿಕೆ ಅದರ ಮುನ್ನುಡಿಯಲ್ಲೇ ಇದೆ. ಮೂಲಭಾಷೆಗಳನ್ನು ಕಳ್ಳರೆಂದು ಕರೆದು ಅನುವಾದವನ್ನು ಸಿಂಹಾಸನದಲ್ಲಿ ಕೂರಿಸುವ ಈ ಧೈರ್ಯ ಇಂದಿನ ಯಾವ ವಿನ್ಯಾಸಕಾರನಿಗೂ ಇಲ್ಲ.

ಪದದ ಮೇಲೆ ಮೌಸ್ ಇಟ್ಟರೆ ಸ್ಟ್ರಾಂಗ್ ಸಂಖ್ಯೆ ತೋರಿಸುವ ಪುಟಾಣಿ ಪೆಟ್ಟಿಗೆಯನ್ನೂ ಇಲ್ಲೇ ಹೇಳಬೇಕು. ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಪ್ರಕಟಿಸಿದ ಪದಾನುಕ್ರಮಣಿಕೆಯಲ್ಲಿ ಗ್ರೀಕ್ ಪದಗಳ ಸಂಖ್ಯೆ 5624ರವರೆಗೆ ಹೋಗುತ್ತದೆ. ಆದರೆ 2717 ಇಲ್ಲ, 3203ರಿಂದ 3302ರವರೆಗೆ ಇಲ್ಲ. ಆ ಸಂಖ್ಯೆಗಳಿಗೆ ಪದವೇ ಇಲ್ಲ, ಹಾಗೇ ಖಾಲಿ. ಶೂನ್ಯವಾದಿಗಳು ಇದರಲ್ಲಿ ಅನಿರ್ವಚನೀಯವನ್ನು ಕಂಡಿದ್ದಾರೆ. ಎಣಿಕೆ ತಪ್ಪಿತು ಎನ್ನುವುದು ಗುಮಾಸ್ತೆಗಳ ಪಕ್ಷ.

ಪ್ರಳಯಪ್ರಕರಣ

ಸೃಷ್ಟಿ, ಸ್ಥಿತಿಗಳನ್ನು ಹೇಳಿದ ಮೇಲೆ ಲಯವನ್ನೂ ಹೇಳಬೇಕು. ಅಪ್‌ಡೇಟ್ ಎಂಬುದು ನೈಮಿತ್ತಿಕ ಪ್ರಳಯ. ಅದರಲ್ಲಿ ಫಾಂಟ್, ಬಣ್ಣ, ಕಿಟಕಿ ಎಲ್ಲವೂ ಕರಗಿ ಡಿಫಾಲ್ಟ್ ಎಂಬ ಅವ್ಯಕ್ತದಲ್ಲಿ ಲೀನವಾಗುತ್ತವೆ. ತಂತ್ರಾಂಶವೇ ನಿಂತುಹೋಗುವುದು ಮಹಾಪ್ರಳಯ. ಹೀಬ್ರೂ-ಗ್ರೀಕ್ ಪಂಡಿತರ ನೆಚ್ಚಿನ ಬೈಬಲ್‌ವರ್ಕ್ಸ್ 2018ರಲ್ಲಿ ಬಾಗಿಲು ಹಾಕಿದಾಗ ಎಷ್ಟೋ ಮಂದಿ ಹಳೆಯ ಕಂಪ್ಯೂಟರನ್ನು ಮಾರದೆ ಉಳಿಸಿಕೊಂಡರು, ಅದರೊಳಗೆ ತಮ್ಮ ಕಿಟಕಿಗಳಿದ್ದವೆಂದು.

ಪ್ರಳಯಾನಂತರ ಮೊದಲು ಯಾವುದನ್ನು ಮರುಸ್ಥಾಪಿಸಬೇಕು? ಗಾತ್ರವನ್ನು ಎಂದು ಒಂದು ಪಕ್ಷ, ಬಣ್ಣವನ್ನು ಎಂದು ತಿಮಿರವಾದಿಗಳು, ಎಲ್ಲಿಂದಾದರೂ ಶುರುಮಾಡಿ ಹನ್ನೊಂದಕ್ಕೆ ಮುಗಿಸಿದರೆ ಸಾಕು ಎಂದು ಮನೆಯವರು. ಸಿದ್ಧಾಂತ ಇದು: ಮೊದಲು ಸಾಲಿನ ಅಂತರ, ಶೇಕಡ 150. ಜಾನೋಕಿ ಹೋಗಿ ಜ್ಞಾನೋಕ್ತಿ ಬಂದ ಕ್ಷಣವೇ ಸೆಟ್ಟಿಂಗ್ಸ್ ಪೆಟ್ಟಿಗೆ ಮುಚ್ಚಿ ಮೌಸಿನಿಂದ ಕೈ ತೆಗೆಯಬೇಕು. ಕೈ ತೆಗೆಯಲಾಗದವರ ವಿಚಾರವನ್ನು ಎರಡನೆಯ ಸಂಪುಟಕ್ಕೆ ಇಟ್ಟುಕೊಳ್ಳಲಾಗಿದೆ. ಅದರ ಪಠ್ಯವಿನ್ನೂ ಬರೆದಾಗಿಲ್ಲ, ಫಾಂಟ್ ಮಾತ್ರ ಗೊತ್ತಾಗಿದೆ.